ಕೋಟೆಯ ಅರಳಿ ಮನೆ ಅಳಿಯನಾದದ್ದು

ಕೃಷ್ಣಗಿರಿ ಬೇರೆ ಜಿಲ್ಲೆಯಾದ ಮರುವರ್ಷ, ಶಿವರಾತ್ರಿ ಕಳೆದ ವಾರವೇ ನನಗೆ ಆ ಕೋಟೆಯನ್ನು ವಹಿಸಿದರು. ವಹಿಸಿದರು ಎಂದರೆ ಒಂದು ಬೀಗದ ಕೈ ಗೊಂಚಲನ್ನು ಕೈಗೆ ಹಾಕಿದರು, ಅಷ್ಟೆ. ಅದರಲ್ಲಿದ್ದ ಒಂಬತ್ತು ಕೀಲಿಗಳಲ್ಲಿ ಒಂದೂ ಅಲ್ಲಿನ ಯಾವ ಬೀಗಕ್ಕೂ ಹೊಂದಲಿಲ್ಲ. ಕಲ್ಲಿನಿಂದ ಬೀಗ ಒಡೆದು ಒಳಗೆ ಹೋದೆವು.

ಕೆಲಮಂಗಲದಿಂದ ಡೆಂಕಣಿಕೋಟೆಗೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿ ಎರಡು ಮೈಲಿ ನಡೆದರೆ ಒಂದು ದಿಬ್ಬ ಸಿಗುತ್ತದೆ. ಕೋಟೆ ಅದರ ಮೇಲಿದೆ. ಮೊದಲು ಯಾವನೋ ಪಾಳೇಗಾರ ಕಟ್ಟಿಸಿದ್ದು. ಆಮೇಲೆ ಒಬ್ಬ ಬಿಳಿ ದೊರೆ ತನ್ನ ಸೀಮೆಯ ನೆನಪಿಗೆ ಎರಡು ದುಂಡು ಗೋಪುರ ಏರಿಸಿ, ನಡುವೆ ಒಂದು ದೊಡ್ಡ ಹಜಾರ ಕಟ್ಟಿ, ಬೇಸಿಗೆ ಕಳೆಯಲು ಬರುತ್ತಿದ್ದನಂತೆ. ಊರವರ ಬಾಯಲ್ಲಿ ಅದು ದೊರೆ ಕೋಟೆ. ನಮ್ಮ ಇಲಾಖೆಗೆ ಅದು ಬಹಳ ವರ್ಷ ಗಂಧದ ಕೊರಡು ಕೂಡಿಡುವ ಗೋದಾಮು. ಗಂಧವನ್ನು ಬೇರೆಡೆಗೆ ಸಾಗಿಸಿದ ಮೇಲೆ ಬಾವಲಿಗಳು ಬಂದು ಸೇರಿಕೊಂಡವು, ಅವುಗಳ ಹಿಂದೆ ಇಸ್ಪೀಟಿನವರು.

ನಾನು ಆಗ ಆ ಭಾಗದ ಫಾರೆಸ್ಟರ್. ನನ್ನ ಮೇಲಿನ ಸಾಹೇಬರು ಕೊಯಮತ್ತೂರಿನ ಕಡೆಯವರು, ಒಳ್ಳೆಯ ಮನುಷ್ಯ, ಆದರೆ ಆತುರಗಾರ. ಕೋಟೆಯ ಹಜಾರದಲ್ಲಿ ಕಾಡಿನ ಪ್ರದರ್ಶನ ಇಡಬೇಕು, ಭಾನುವಾರಗಳಲ್ಲಿ ಹಳ್ಳಿಯ ಹೆಂಗಸರು ಮುತ್ತುಗದ ಊಟದೆಲೆ ಹಚ್ಚುವುದನ್ನೂ ಜೇನು ಸೋಸುವುದನ್ನೂ ಮಾಡಿ ತೋರಿಸಬೇಕು, ಶಾಲೆಯ ಮಕ್ಕಳು ಬಂದು ಬೀಜ ಬಿತ್ತಬೇಕು ಎಂಬುದು ಅವರ ಯೋಜನೆ. ತಿರಪ್ಪು ವಿಳಾ, ಅಂದರೆ ಬಾಗಿಲು ತೆರೆಯುವ ಸಮಾರಂಭ, ಜುಲೈನ ವನಮಹೋತ್ಸವದಲ್ಲಿ ಎಂದು ಮೊದಲೇ ಗೊತ್ತು ಮಾಡಿಬಿಟ್ಟಿದ್ದರು. ಮಗು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ನಾವು ಆಫೀಸಿನಲ್ಲಿ ನಗುತ್ತಿದ್ದೆವು.

ಬಾವಲಿ ಹಿಕ್ಕೆ ಎತ್ತಲು ದಿಬ್ಬದ ಕೆಳಗಿನ ಹಳ್ಳಿಯಿಂದ ಹದಿನಾಲ್ಕು ಹೆಂಗಸರು ಬಂದರು. ಅವರಿಗೆಲ್ಲ ಮೇಟಿ ಒಬ್ಬ ಅಜ್ಜಿ. ಅರವತ್ತರ ಆಸುಪಾಸು, ಬಡಕಲು ಮೈ, ಗಂಟಲು ಮಾತ್ರ ತಮಟೆ. ಹಿಕ್ಕೆಯನ್ನು ಎಸೆಯಲು ಬಿಡದೆ ಮಂಕರಿಗಳಲ್ಲಿ ತುಂಬಿಸಿ ತಮ್ಮ ರಾಗಿ ಹೊಲಗಳಿಗೆ ಹೊರಿಸಿದಳು. ಆಕೆಯ ಅಳಿಯ ಗಾರೆ ಮೇಸ್ತ್ರಿ. ಸುತ್ತಿನಲ್ಲಿ ಹಳೆಯ ಸುಣ್ಣದ ಗಾರೆ ಕೆಲಸ ಬಲ್ಲವನು ಅವನೊಬ್ಬನೇ. ಮಾತು ಕಮ್ಮಿ, ಕೈ ಚುರುಕು. ಗುಂಡಿಯಲ್ಲಿ ಸುಣ್ಣ ಅರಳಲು ಹಾಕಿ, ಅಳಲೆಕಾಯಿಯನ್ನು ಜಜ್ಜಿ ಬೆಲ್ಲದ ನೀರಿನಲ್ಲಿ ನೆನೆಸಿಟ್ಟು, ಮೂರು ವಾರ ಯಾರೂ ಮುಟ್ಟಬಾರದು ಎಂದು ನನಗೂ ತಾಕೀತು ಮಾಡಿದ. ನನಗೆ ಇಬ್ಬರೂ ಹಿಡಿಸಿದರು. ಕೆಲಸ ಹೂವು ಎತ್ತಿದಂತೆ ನಡೆಯುತ್ತಿತ್ತು.

ಆಗ ನಾನು ನನ್ನ ಬುದ್ಧಿ ತೋರಿಸಿದೆ.

ಪ್ರದರ್ಶನಕ್ಕೆ ಬರುವವರು ಕೋಟೆಯ ಆವರಣದ ಮರಗಳನ್ನೂ ನೋಡಲಿ, ಒಂದೊಂದರ ಹೆಸರು, ಸುತ್ತಳತೆ, ಉಪಯೋಗ ಬರೆದ ಹಲಗೆ ಇಡೋಣ ಎಂದುಕೊಂಡೆ. ಅದಕ್ಕೆ ಮೊದಲು ಪಟ್ಟಿ ಆಗಬೇಕು. ಪಟ್ಟಿ ಮಾಡುವುದಕ್ಕೆ ನನಗೆ ಗೊತ್ತಿದ್ದದ್ದು ಒಂದೇ ಕ್ರಮ. ಎದೆಯ ಎತ್ತರದಲ್ಲಿ ಅಂಗೈಯಗಲ ಹೊರತೊಗಟೆ ಹೆರೆದು, ಬಿಳಿ ಬಣ್ಣ ಬಳಿದು, ಒಣಗಿದ ಮೇಲೆ ಟಾರಿನಲ್ಲಿ ನಂಬರ್. ನಾನೂ ನನ್ನ ವಾಚರ್ರೂ ಒಂದೇ ಬೆಳಗ್ಗೆ ಐವತ್ತಮೂರು ಮರ ಮುಗಿಸಿದೆವು. ವಾಚರ್ ತೆಲುಗಿನವನು, ನನಗಿಂತ ಹಿರಿಯ. ಐವತ್ತಮೂರನೆಯದಕ್ಕೆ ಬಂದಾಗ ಬ್ರಷ್ಷು ಹಿಡಿದು ನಿಂತುಬಿಟ್ಟ. "ಸಾರ್, ಇದು ಬೇಡವೇನೋ" ಎಂದ. "ಬಳಿಯಯ್ಯ" ಎಂದೆ.

ಆ ಐವತ್ತಮೂರನೆಯದು ನೆಲದ ಮೇಲಿನ ಮರವಲ್ಲ. ಹಜಾರದ ಪಡುವಣ ಗೋಡೆಯ ಸಂದಿಯಲ್ಲಿ ಹುಟ್ಟಿ, ಗೋಡೆಯೊಳಗೇ ಬೇರು ಇಳಿಸಿ, ಮೇಲೆ ಛತ್ರಿಯಂತೆ ಹರಡಿದ್ದ ಅರಳಿಮರ. ನಂಬರ್ ಹಾಕಲು ಏಣಿ ಇಡಬೇಕಾಯಿತು.

ಮರುದಿನ ಒಬ್ಬ ಹೆಂಗಸೂ ಕೆಲಸಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ನಾನೇ ಹಳ್ಳಿಗೆ ಹೋದೆ. ಅಜ್ಜಿ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಆಕೆಯ ಒಬ್ಬಳೇ ಮಗಳು, ಮೇಸ್ತ್ರಿಯ ಹೆಂಡತಿ, ಆರು ತಿಂಗಳ ಬಸುರಿ, ಕಾಲು ಚಾಚಿ ಕೂತಿದ್ದಳು.

"ಏನ್ ಸಾಮಿ, ಮರುಕ್ಕೆಲ್ಲ ನಂಬ್ರು ಹಾಕ್ಬುಟ್ರಂತೆ?" ಎಂದಳು ಅಜ್ಜಿ, ತಲೆ ಎತ್ತದೆ.

"ಅದು ಬರೀ ಲೆಕ್ಕ ಕಣಮ್ಮ. ಹಲಗೆ ಬರೆಸೋದಕ್ಕೆ."

"ನಮ್ಮಪ್ಪನ ಕಾಲ್ದಿಂದ ನೋಡ್ತಾ ಇವ್ನಿ. ನೀವು ನಂಬ್ರು ಹಾಕಿದ್ ಮರ ಮೂರು ತಿಂಗ್ಳು ನಿಂತಿದ್ದು ಎಲ್ಲಾದ್ರೂ ಉಂಟಾ? ನಿಂತಿದ್ರೆ ಹೇಳಿ, ನಾಳೇನೆ ಬತ್ತೀವಿ."

ಆಕೆ ಹೇಳಿದ್ದು ನಿಜ. ನಮ್ಮ ಕಾಡಿನಲ್ಲಿ ಹೆರೆದು ನಂಬರ್ ಹಾಕುವುದು ಕಡಿಯುವ ಮರಕ್ಕೇ. ಮುವತ್ತು ವರ್ಷದಿಂದ ಕೈಗೆ ಅಂಟಿಕೊಂಡ ರೂಢಿಯಲ್ಲಿ, ನೋಡಲಿ ಎಂದು ಇಟ್ಟುಕೊಳ್ಳುವ ಮರಗಳಿಗೆಲ್ಲ ಮರಣದಂಡನೆ ಬರೆದು ಬಂದಿದ್ದೆ. ಆದರೂ ಐವತ್ತೆರಡು ಮರಗಳ ಮಟ್ಟಿಗೆ ನಾನು ಹೇಳಿದ್ದು ಸುಳ್ಳಲ್ಲ. ಐವತ್ತಮೂರನೆಯದರ ಮಟ್ಟಿಗೆ ಸುಳ್ಳು. ಗೋಡೆಯ ಆ ಅರಳಿಯನ್ನು ತೆಗೆಯಲು ಅನುಮತಿ ಕೇಳಿ ಬರೆದ ಕಾಗದ ಅದೇ ಹೊತ್ತಿನಲ್ಲಿ ನನ್ನ ಹೆಗಲ ಚೀಲದಲ್ಲಿತ್ತು.

ಬೇರೆ ದಾರಿಯೂ ಇರಲಿಲ್ಲ. ಕೆಲಸ ಶುರುವಾದಾಗಲೇ ಮೇಸ್ತ್ರಿ ತೂಕದ ಗುಂಡು ಇಳಿಬಿಟ್ಟು ನೋಡಿ, "ಸಾರ್, ಗೋಡೆ ಒಂದು ಗೇಣು ಹೊಟ್ಟೆ ಬಿಟ್ಟೈತೆ" ಎಂದಿದ್ದ. ಬಿರುಕಿನ ಅಡ್ಡಕ್ಕೆ ಸುಣ್ಣದ ಪಟ್ಟಿ ಬಳಿದು, ಪಟ್ಟಿ ಸೀಳಿದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ ಎಂದು ತೋರಿಸಿಕೊಟ್ಟಿದ್ದ. ಹನ್ನೊಂದೇ ದಿನಕ್ಕೆ ಪಟ್ಟಿ ಕೂದಲೆಳೆಯಷ್ಟು ಬಾಯಿಬಿಟ್ಟಿತು. ಚಾವಣಿಯ ತೊಲೆಗಳೆಲ್ಲ ಕೂತಿರುವುದು ಆ ಗೋಡೆಯ ಮೇಲೆ. ಮಳೆಗೆ ಬೇರು ಉಬ್ಬಿದರೆ ಚಾವಣಿ ಸಮೇತ ಹಜಾರದೊಳಗೆ ಮಲಗುತ್ತದೆ. ಒಳಗೆ ಶಾಲೆಯ ಮಕ್ಕಳಿರುತ್ತಾರೆ.

ಆ ಮರದ ಕಥೆಯನ್ನು ವಾಚರ್ ಹೇಳಿದ್ದು ಆಮೇಲೆ. ಅಜ್ಜಿಗೆ ಮೊದಲ ಇಬ್ಬರು ಮಕ್ಕಳು ಹುಟ್ಟಿ ತೀರಿಕೊಂಡರಂತೆ. ಅರಳಿಗೂ ಬೇವಿಗೂ ಮದುವೆ ಮಾಡಿಸು, ಮೂರನೆಯದು ಉಳಿಯುತ್ತದೆ ಎಂದು ಹಿರಿಯರು ಹೇಳಿದರು. ಸಾಮಾನ್ಯವಾಗಿ ಎರಡನ್ನೂ ಒಂದೇ ಕಟ್ಟೆಯಲ್ಲಿ ನೆಟ್ಟು, ಬೆಳೆದ ಮೇಲೆ ತಾಳಿ ಕಟ್ಟಿಸುತ್ತಾರೆ. ಅಷ್ಟು ಕಾಯುವ ಧೈರ್ಯ ಆಕೆಗಿರಲಿಲ್ಲ. ಕೋಟೆಯಂಗಳದಲ್ಲಿ ಬೆಳೆದ ಬೇವೊಂದಿತ್ತು, ಮುವತ್ತು ಹೆಜ್ಜೆ ಆಚೆ ಗೋಡೆಯಲ್ಲಿ ತಾನಾಗಿ ಹುಟ್ಟಿದ ಅರಳಿ ಇತ್ತು. ಇದರಿಂದ ಅದಕ್ಕೆ ಅರಿಶಿನದ ನೂಲು ಎಳೆದು ಮದುವೆ ಮಾಡಿಸಿಬಿಟ್ಟಳು. ಊರು ನಕ್ಕಿತು. ವರ್ಷ ತಿರುಗುವುದರೊಳಗೆ ಹುಟ್ಟಿದ ಮಗಳು ಉಳಿದಳು. ಈಗ ಬಸುರಿಯಾಗಿ ಜಗಲಿಯ ಮೇಲೆ ಕೂತಿದ್ದವಳು ಅವಳೇ.

ಇದನ್ನು ಕೇಳಿಯೂ ನಾನು ನನ್ನ ಹಾದಿಯಲ್ಲೇ ಹೋದೆ. ಅನುಮತಿ ಬಂತು. ಮೇಸ್ತ್ರಿಯನ್ನು ಕರೆದೆ. ಅವನು ಚಪ್ಪಲಿ ಬಿಟ್ಟು ದೂರ ನಿಂತು ಹೇಳಿದ: "ನನ್ ಹೆಂಡ್ರು ಬಸ್ರಿ ಸಾರ್. ಈಗ ನಾನು ಕಟ್ಟಿರೋದನ್ನ ಕೆಡವಂಗಿಲ್ಲ. ಹಸೀ ಮರುಕ್ಕೆ ಕಬ್ಣ ಮುಟ್ಟಿಸಂಗಿಲ್ಲ. ಬೈಕಳ್ಳಿ, ಹೊಡೀರಿ, ಆಗಲ್ಲ." ನಮ್ಮ ಕಡೆ ಇದು ಹಳೆಯ ನೇಮ. ನನ್ನ ಅಪ್ಪನೂ ಪಾಲಿಸಿದ್ದು. ಆದರೆ ಜುಲೈ ನನ್ನ ಬೆನ್ನ ಮೇಲೆ ಕೂತಿತ್ತು. ಹೊಸೂರಿನಿಂದ ಕೊಡಲಿಯವರು ನಾಲ್ಕು ಜನರನ್ನು ಕರೆಸಿದೆ.

ಅವರು ಒಂದು ದೊಡ್ಡ ಕೊಂಬೆ ಇಳಿಸಿದ್ದರು, ಅಷ್ಟೆ. ಅಜ್ಜಿ ದಿಬ್ಬ ಹತ್ತಿ ಬಂದಳು. ಆಕೆ ಬೈಯುತ್ತಾಳೆ ಎಂದು ನಾನು ಮೈ ಗಟ್ಟಿ ಮಾಡಿಕೊಂಡು ನಿಂತಿದ್ದೆ. ಬೈಯಲಿಲ್ಲ. ಬಿದ್ದ ಕೊಂಬೆಯ ಪಕ್ಕ ಕುಕ್ಕರಿಸಿ, ಹಾಲು ಸುರಿಯುತ್ತಿದ್ದ ಅದರ ಬಾಯಿಗೆ ನೆಲದ ಮಣ್ಣು ಒದ್ದೆ ಮಾಡಿ ಮೆತ್ತಿದಳು. ಆಮೇಲೆ ನನ್ನ ಮುಖ ನೋಡಿ, "ಇನ್ನು ಮೂರು ತಿಂಗ್ಳು ಕಾಯಕ್ಕಾಗ್ಲಿಲ್ವಾ ಸಾಮಿ? ನನ್ ಮಗಳು ಹಗುರ ಆಗಲಿ ಅನ್ನೋ ಗಂಟ?" ಎಂದಳು. ಹಗುರ ಆಗುವುದು ಎಂದರೆ ಹೆರಿಗೆ. ನಾನು ಗೋಡೆ, ಮಳೆ, ಮಕ್ಕಳು ಎಂದೆಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು ಎದ್ದು ಹೋದಳು.

ಅದೇ ದಿನ ಮಧ್ಯಾಹ್ನ ಮಗಳಿಗೆ ಹೊಟ್ಟೆನೋವು ಕಾಣಿಸಿಕೊಂಡಿತು.

ಊರಿನಲ್ಲಿ ಗಾಡಿ ಇರಲಿಲ್ಲ. ಇದ್ದದ್ದು ನಮ್ಮ ಇಲಾಖೆಯ ಜೀಪು. ಕೆಲಮಂಗಲದ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಹಿಂದಿನ ಸೀಟಿನಲ್ಲಿ ಅಜ್ಜಿ ಮಗಳ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು, ಆ ಕೈಯಲ್ಲಿ ಇನ್ನೂ ಮರದ ಹಾಲು ಅಂಟಿತ್ತು. ನಾನು ಶಕುನ, ಶಾಪ ನಂಬುವ ಮನುಷ್ಯನಲ್ಲ. ಆದರೆ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತ ಆ ಎರಡು ಗಂಟೆ ಕೊಡಲಿ ಬಿದ್ದ ಹೊತ್ತನ್ನೂ ನೋವು ಬಂದ ಹೊತ್ತನ್ನೂ ಲೆಕ್ಕ ಹಾಕುತ್ತಲೇ ಇದ್ದೆ. ಏನಾದರೂ ಆದರೆ ಇವರಿಗೆ ಯಾವ ವಿಜ್ಞಾನ ಹೇಳಲಿ? ಹೇಳಿ ಏನು ಉಪಯೋಗ? ನಾನು ಎಷ್ಟೇ ಸರಿ ಇದ್ದರೂ ಆಕೆ ಸಾಯುವವರೆಗೆ ನನ್ನ ಮುಖದಲ್ಲಿ ಆ ಕೊಂಬೆಯನ್ನೇ ನೋಡುತ್ತಾಳೆ. ಡಾಕ್ಟರಮ್ಮ ಹೊರಗೆ ಬಂದು, ಬಿಸಿಲಿಗೆ ನೀರು ಸಾಲದೆ ಆದ ನೋವು, ಮಗು ಚೆನ್ನಾಗಿದೆ ಎಂದರು. ನನಗೆ ಅಳು ಬಂತು. ಅದನ್ನು ಮುಚ್ಚಿಕೊಳ್ಳಲು ಜೀಪಿನ ಟೈರು ಒದ್ದು ಗಾಳಿ ನೋಡಿದೆ.

ಹಿಂದಿರುಗುವಾಗ ದಿಬ್ಬದ ಕೆಳಗೆ ಜೀಪು ನಿಲ್ಲಿಸಿ ಚೀಲದಲ್ಲಿದ್ದ ಆ ಕಾಗದದ ನಕಲು ತೆಗೆದು ಅಜ್ಜಿಗೆ ತೋರಿಸಿದೆ. "ಅವತ್ತು ಬರೀ ಲೆಕ್ಕ ಅಂದೆನಲ್ಲ, ಸುಳ್ಳು. ಇದು ಆಗಲೇ ಬರೆದಿಟ್ಟಿದ್ದೆ" ಎಂದೆ.

"ಗೊತ್ತಿತ್ತು" ಎಂದಳು. "ನೀವು ಸುಳ್ಳು ಹೇಳ್ವಾಗ ಕಿವಿ ಕೆರ್ಕಂತೀರ."

ಮರ ಉಳಿಯಬೇಕು, ಗೋಡೆಯೂ ನಿಲ್ಲಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅರಳಿ, ಆಲದ ಜಾತಿಯ ಮರಗಳು ಗಟ್ಟಿ ಪ್ರಾಣಿಗಳು. ಬೇರು ಸರಿಯಾಗಿ ಬಂದರೆ ಎತ್ತಿ ಬೇರೆಡೆ ನೆಡಬಹುದು. ಆದರೆ ಅದಕ್ಕೆ ಗೋಡೆಯನ್ನು ಕಲ್ಲು ಕಲ್ಲಾಗಿ ಬಿಚ್ಚಬೇಕು, ಮತ್ತೆ ಕಟ್ಟಬೇಕು. ಜುಲೈ ಕನಸಿನ ಮಾತು. ಇದನ್ನೆಲ್ಲ ಅಜ್ಜಿಯ ಮುಂದೆ ಹೇಳಿದೆ. ಎಲ್ಲಿ ನೆಡುತ್ತೀರಿ ಎಂದು ಕೇಳಿದಳು. ಆ ಬೇವಿನ ಪಕ್ಕದಲ್ಲೇ ಎಂದೆ. ಆಮೇಲೆ ಆ ದಿನ ಮೊದಲ ಬಾರಿಗೆ ಆಕೆಯ ಬಾಯಿ ಸೊಟ್ಟಗಾಯಿತು, ನಗುವಿಗೆ.

"ಮದ್ವೆ ಆಗಿ ಇಪ್ಪತ್ತೆರಡು ವರ್ಸ ಆಯ್ತು. ಗಂಡು ಗೋಡೆ ಮ್ಯಾಲೆ, ಹೆಣ್ಣು ನೆಲದ್ ಮ್ಯಾಲೆ. ಒಂದಿನಾನೂ ಸಂಸಾರ ಮಾಡ್ಲಿಲ್ಲ. ಹೋಗ್ಲಿ, ಮನೆ ಅಳಿಯ ಆಗಿ ಬರಲಿ ಬುಡಿ."

ಮೇಸ್ತ್ರಿಯ ಸಮಸ್ಯೆಯೂ ಅಲ್ಲೇ ಬಗೆಹರಿಯಿತು. ಇದು ಕೆಡವುವುದಲ್ಲ, ಮದುಮಗ ಹೊರಡಲು ಬಾಗಿಲು ಮಾಡುವುದು ಎಂದು ಅತ್ತೆ ತೀರ್ಪು ಕೊಟ್ಟಳು. ಅವನು ಒಪ್ಪಿದ, ಒಂದು ಷರತ್ತಿನ ಮೇಲೆ: "ಕಲ್ಲು ನಾನು ತೆಗೀತೀನಿ. ಬೇರಿಗೆ ಮಾತ್ರ ಕಬ್ಣ ತಾಗ್ಬಾರ್ದು."

ಸಾಹೇಬರಿಗೆ ಹೇಳುವುದು ಬಾಕಿ ಇತ್ತು. ಹೇಳಿದೆ. ಅವರು ಮೇಜು ಗುದ್ದಿದರು. ಒಂದು ಮರಕ್ಕಾಗಿ ಸಮಾರಂಭ ಮುಂದೂಡಬೇಕೇ ಎಂದು ತಮಿಳಿನಲ್ಲಿ ಕೂಗಿದರು. "ಕಾಡು ಉಳಿಸಿ ಅನ್ನೋ ಪ್ರದರ್ಶನವನ್ನು ಊರಿನ ಒಂದೇ ಪೂಜೆಯ ಮರ ಕಡಿದು ತೆರೆದರೆ ನೋಡಲು ನಾವಿಬ್ಬರೇ ಇರುತ್ತೇವೆ ಸಾರ್" ಎಂದೆ. ಜೊತೆಗೆ, ಮರ ಸತ್ತರೆ ಅದರ ಹೊಣೆ ನನ್ನದು ಎಂದು ಬರೆದುಕೊಟ್ಟೆ. ಅಕ್ಟೋಬರ್ ಮೊದಲ ವಾರದವರೆಗೆ ಅವಕಾಶ ಕೊಟ್ಟರು.

ಮೊದಲು ನೀಲಗಿರಿ ಬೊಡ್ಡೆಗಳಿಂದ ಚಾವಣಿಗೆ ಒಳಗಿನಿಂದ ಆಸರೆ ಕೊಟ್ಟೆವು. ಆಮೇಲೆ ಗೋಡೆಯ ಪ್ರತಿ ಕಲ್ಲಿಗೂ ಗುರುತು: ಸಾಲಿಗೆ ಒಂದು ಅಕ್ಷರ, ಕಲ್ಲಿಗೆ ಒಂದು ಅಂಕಿ. ಟಾರಿನ ಡಬ್ಬಿ ಹಿಡಿದ ನನ್ನನ್ನು ಕಂಡು ಕೆಲಸಕ್ಕೆ ಮರಳಿದ್ದ ಹೆಂಗಸರು, "ಹುಷಾರ್ ಕಣ್ರೇ, ನಿಂತ್ಕಂಡ್ರೆ ನಮ್ಗೂ ಹಾಕ್ಬುಟ್ಟಾರು" ಎಂದು ನಗಾಡಿದರು. ಬೈಸಿಕೊಳ್ಳುವುದಕ್ಕಿಂತ ಅದು ಎಷ್ಟೋ ಹಿತವಾಗಿತ್ತು.

ಮೇ ತಿಂಗಳಿಡೀ ಬಿಚ್ಚಿದೆವು. ಹೊರಗೂ ಒಳಗೂ ಕಲ್ಲಿನ ಮೈ, ನಡುವೆ ಕೆಮ್ಮಣ್ಣು, ಸುಣ್ಣದ ತುಂಬು. ಬೇರು ಆ ತುಂಬಿನೊಳಗೆ ಒಂಬತ್ತು ಅಡಿ ಇಳಿದಿತ್ತು. ಹಾರೆ, ಕರಣೆ ಬಳಸುವಂತಿಲ್ಲ. ಮೇಸ್ತ್ರಿ ಬಿದಿರಿನ ಸೀಳುಗಳನ್ನೂ ಹುಣಸೆ ಮರದ ಗೂಟಗಳನ್ನೂ ಕೆತ್ತಿಕೊಂಡ. ಮಣ್ಣಿಗೆ ನೀರು ಉಣಿಸುವುದು, ಮೆತ್ತಗಾದ ಮೇಲೆ ಬಿದಿರಿನಿಂದ ಕೆದಕುವುದು, ಕೈಯಿಂದ ಬಾಚುವುದು. ಬಿಡಿಸಿದ ಬೇರಿಗೆ ಸಗಣಿ, ಮಣ್ಣಿನ ರಾಡಿ ಮೆತ್ತಿ ಒದ್ದೆ ಗೋಣಿ ಸುತ್ತುವುದು. ದಿನಕ್ಕೆ ಒಂದು ಮೊಳ ಸಾಗಿದರೆ ಹೆಚ್ಚು. ನನಗೆ ತಲೆ ಕೆಡುತ್ತಿತ್ತು. ಆದರೆ ನಾಲ್ಕು ದಿನ ಕಳೆದ ಮೇಲೆ ಗೊತ್ತಾಯಿತು, ಕಬ್ಬಿಣ ಹಾಕಿದ್ದರೆ ಕೂದಲಿನಂಥ ಬೇರುಗಳೆಲ್ಲ ಹರಿದು ಹೋಗುತ್ತಿದ್ದವು. ಮರಕ್ಕೆ ನೀರು ಕುಡಿಯುವ ಬಾಯಿ ಅವೇ. ಅವನ ನೇಮ ನನ್ನ ಓದಿಗಿಂತ ಚೆನ್ನಾಗಿ ಮರ ಎತ್ತುತ್ತಿತ್ತು. ಎರಡು ದಪ್ಪ ಬೇರು ಮಾತ್ರ ಕೆಳಗಿನ ಚಪ್ಪಡಿಗೆ ಹೆಣೆದುಕೊಂಡಿದ್ದವು, ಕೊಯ್ಯಲೇಬೇಕಿತ್ತು. ಗರಗಸ ನಾನು ಹಿಡಿದೆ. ನನ್ನ ಹೆಂಡತಿಗೆ ಐವತ್ತು ಹತ್ತಿರವಾಗಿತ್ತು, ನನಗೆ ಯಾವ ನೇಮದ ಅಡ್ಡಿಯೂ ಇರಲಿಲ್ಲ.

ಎಲೆಗಳಲ್ಲಿ ಮುಕ್ಕಾಲು ಪಾಲು ಸವರಿ, ಬಡಗು ದಿಕ್ಕಿನ ಮೈಗೆ ಅರಿಶಿನದ ಬಟ್ಟೆ ಕಟ್ಟಿ ಗುರುತು ಮಾಡಿ, ಚೈನ್ ಪುಲ್ಲಿಯಿಂದ ಇಳಿಸಿದೆವು. ಮುವತ್ತು ಹೆಜ್ಜೆ ದಾಟಲು ಅರ್ಧ ದಿನ. ಅದೇ ದಿಕ್ಕು ನೋಡಿಕೊಂಡು ಗುಂಡಿಯಲ್ಲಿ ಕೂರಿಸಿದಾಗ ಹೆಂಗಸರು ಬೀಗರನ್ನು ಛೇಡಿಸುವ ಹಾಡು ಹೇಳಿದರು. ಅಜ್ಜಿ ಬೇವಿಗೂ ಅರಳಿಗೂ ನೂಲು ಸುತ್ತಿದಳು. ಈಗ ಎರಡು ಮಾರು ನೂಲು ಸಾಕಾಗಿತ್ತು.

ಹತ್ತನೆಯ ದಿನ ಉಳಿದ ಎಲೆಗಳೂ ಉದುರಿದವು. ಉದುರುತ್ತವೆ ಎಂದು ನನಗೆ ಗೊತ್ತಿತ್ತು, ಹೇಳಿಯೂ ಇದ್ದೆ. ಆದರೆ ಜೂನ್ ಕಳೆಯಿತು, ಮರ ಬೋಳಾಗಿಯೇ ನಿಂತಿತ್ತು. ಪ್ರತಿದಿನ ಬೆಳಗ್ಗೆ ಉಗುರಿನಿಂದ ತೊಗಟೆ ಗೀರಿ ನೋಡುತ್ತಿದ್ದೆ. ಹಸಿರು ಇದ್ದರೆ ಜೀವ ಇದೆ. ತುದಿಗಳಲ್ಲಿ ಹಸಿರು ಹೋಯಿತು, ಕಂದು ಕೆಳಗಿಳಿಯುತ್ತ ಬಂತು. ಅತ್ತ ಮೇಸ್ತ್ರಿ ಗುರುತಿನ ಕಲ್ಲುಗಳನ್ನು ಒಂದೊಂದಾಗಿ ಏರಿಸಿ ಗೋಡೆ ಎಬ್ಬಿಸುತ್ತಿದ್ದ. ಇತ್ತ ಅಜ್ಜಿ ದಿನಕ್ಕೆ ನಾಲ್ಕು ಕೊಡ ನೀರು ಹೊರುತ್ತಿದ್ದಳು. ಆಕೆಯ ಮಗಳಿಗೆ ದಿನ ತುಂಬುತ್ತಿತ್ತು.

ಜುಲೈ ನಡುವಿನಲ್ಲಿ ಒಂದು ಬೆಳಗ್ಗೆ ಮೇಸ್ತ್ರಿ ಕೆಲಸಕ್ಕೆ ಬರಲಿಲ್ಲ. ಹತ್ತು ಗಂಟೆಗೆ ಅಜ್ಜಿ ಕೊಡ ಹೊತ್ತು ದಿಬ್ಬ ಹತ್ತಿದಳು. ನೀರು ಹೊಯ್ದು, ಸೆರಗಿನಿಂದ ಮುಖ ಒರೆಸಿಕೊಂಡು, "ಗಂಡು ಮಗ. ಇಬ್ರೂ ಚೆನ್ನಾಗವ್ರೆ" ಎಂದಳು. ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಆಮೇಲೆ ಧೈರ್ಯ ಮಾಡಿ ಬೋಳು ಮರದ ಕಡೆ ನೋಡಿದೆ.

"ಇದಿನ್ನೂ ಹಿಂಗೇ ಇದೆಯಲ್ಲಮ್ಮ."

"ಹೊಸ ಮನೆ ಸಾಮಿ. ಮನೆ ಅಳಿಯ ಬಂದೇಟ್ಗೆ ಉಂಡ್ಬುಡ್ತಾನಾ? ನಾಚ್ಕೆ ಇರ್ತೈತೆ" ಎಂದು ಖಾಲಿ ಕೊಡ ಎತ್ತಿಕೊಂಡು ಹೋದಳು. ಹೆರಿಗೆ ಆದ ಮೇಲೂ, ಇನ್ನು ಆ ಮರದಿಂದ ಆಗಬೇಕಾದ್ದು ಏನೂ ಇಲ್ಲದಾಗಲೂ, ಮರುದಿನ ಮತ್ತೆ ನೀರು ತಂದಳು. ಆಕೆಯ ಮುಂದೆ ನಾನು ಎಷ್ಟು ಸಣ್ಣವನು ಎನಿಸಿತು.

ಆಗಸ್ಟಿನ ಮೊದಲ ಮಳೆಗೆ ಬುಡದಿಂದ ಆಳೆತ್ತರದಲ್ಲಿ ತಾಮ್ರದ ಬಣ್ಣದ ಮೂರು ಚಿಗುರು ಬಂದವು. ವಾಚರ್ "ದೇವುಡಾ" ಎಂದು ಕೈ ಮುಗಿದ. ನಾನೂ ಮುಗಿದೆ, ಯಾರಿಗೆ ಎಂದು ಯೋಚಿಸಲಿಲ್ಲ.

ಅಕ್ಟೋಬರಿನಲ್ಲಿ ಪ್ರದರ್ಶನ ತೆರೆಯಿತು. ಮರದ ಅಡ್ಡಸೀಳುಗಳು, ಬೀಜದ ಸೀಸೆಗಳು, ಆನೆ ಹೆಜ್ಜೆಯ ಅಚ್ಚು ಎಲ್ಲ ಇದ್ದವು. ಜನ ಹೆಚ್ಚು ಹೊತ್ತು ನಿಂತದ್ದು ಮಾತ್ರ ಪಡುವಣ ಗೋಡೆಯ ಮುಂದೆ. ಅಲ್ಲಿ ಮೇಸ್ತ್ರಿ ತನ್ನ ಬಿದಿರಿನ ಸೀಳುಗಳನ್ನು ಹಿಡಿದು, ಬೇರು ಬಿಡಿಸುವುದು ಹೇಗೆ ಎಂದು ಭಾನುವಾರಗಳಲ್ಲಿ ತೋರಿಸುತ್ತಿದ್ದ. ಮಾತು ಕಮ್ಮಿ ಎಂದುಕೊಂಡಿದ್ದ ಆಸಾಮಿ ಶಾಲೆಯ ಮಕ್ಕಳು ಸಿಕ್ಕರೆ ನಿಲ್ಲಿಸುತ್ತಲೇ ಇರಲಿಲ್ಲ.

ಮರುವರ್ಷದ ಮಳೆ ನಿಂತ ಮೇಲೆ ಒಂದು ದಿನ ಅಜ್ಜಿ ಮೊಮ್ಮಗನನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, ಗೋಡೆಯ ಕಡೆ ಗದ್ದ ಎತ್ತಿ ತೋರಿಸಿದಳು. ಹೊಸ ಗಾರೆಯ ಸಂದಿಯಲ್ಲಿ ಗೇಣುದ್ದದ ಅರಳಿ ಸಸಿ! ಚಪ್ಪಡಿಯ ಕೆಳಗೆ ನಾನು ಕೊಯ್ದು ಬಿಟ್ಟಿದ್ದ ಬೇರೋ, ಹಕ್ಕಿ ಉದುರಿಸಿದ ಬೀಜವೋ ತಿಳಿಯದು. ಮತ್ತೆ ಹದಿನಾಲ್ಕು ಹೆಂಗಸರು, ಮತ್ತೆ ಚೈನ್ ಪುಲ್ಲಿ, ಮತ್ತೆ ಸಾಹೇಬರ ಮೇಜು.

ಆಕೆ ಮಗುವನ್ನು ನನ್ನ ತೋಳಿಗೆ ದಾಟಿಸಿ, ಸೆರಗು ಸಿಕ್ಕಿಸಿ, ನಾನು ಬೇಡ ಎನ್ನುವಷ್ಟರಲ್ಲಿ ಏಣಿಯ ಐದು ಮೆಟ್ಟಿಲು ಹತ್ತಿದಳು. ಎರಡು ಬೆರಳಿನಿಂದ ಸಸಿಯ ಕತ್ತು ಹಿಡಿದು, ಅಲ್ಲಾಡಿಸಿ ಅಲ್ಲಾಡಿಸಿ, ಬೇರು ಸಮೇತ ಕಿತ್ತಳು. ಕೆಳಗಿಳಿದು ಅದನ್ನು ನನ್ನ ಶರ್ಟಿನ ಜೇಬಿಗೆ ಸಿಕ್ಕಿಸಿ ಮಗುವನ್ನು ವಾಪಸ್ಸು ತೆಗೆದುಕೊಂಡಳು.

"ನಿಮ್ ನರ್ಸರೀಲಿ ಹಾಕ್ಕಳಿ" ಎಂದಳು. "ಅವನ್ದು ನಾನು ಮಾಡಿ ಮುಗ್ಸಿದೆ. ಇವನಿಗೆ ಹೆಣ್ಣು ನೋಡೋ ಪಾಡು ನಿಮ್ದು."